ಗೃಹಸ್ಥರೊಡನೆ ಎರಡು ಮಾತು: ಇಂಜಿನಿಯರಿಂಗ್ ವಿದ್ಯೆಯೂ ಇತರ ವಿದ್ಯೆಗಳೂ

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ದಾವಣಗೆರೆಯ ಗೃಹಸ್ಥರ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಒಂದು ನೀರಿನದು, ಮತ್ತೊಂದು ಮಕ್ಕಳ ಮುಂದಿನ ಓದಿನದು. ನೀರಿನ ಚಿಂತೆ ಮುಂಗಾರಿನೊಡನೆ ತಗ್ಗುವುದು. ಓದಿನ ಚಿಂತೆಯಾದರೋ ಸಿ.ಇ.ಟಿ.ಯ ಫಲಿತಾಂಶದೊಡನೆ ಮತ್ತಷ್ಟು ಬಲಿಯುವುದು. ಕೆ.ಬಿ. ಬಡಾವಣೆಯಲ್ಲಿ ಸಂಜೆಯ ಹೊತ್ತು ಯಾರ ಮನೆಯ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: ಯಾವ ಕಾಲೇಜು, ಯಾವ ಶಾಖೆ, ಎಷ್ಟು ಶುಲ್ಕ? ಈಚಿನ ಕೆಲವು ವರ್ಷಗಳಿಂದ ಈ ಮಾತುಕತೆಗೆ ಹೊಸದೊಂದು ಹೆಸರು ಬಂದು ಸೇರಿದೆ. ಲಿಬರಲ್ ಆರ್ಟ್ಸ್ ವಿಶ್ವವಿದ್ಯಾನಿಲಯವಂತೆ, ಅಲ್ಲಿ ಇಂಜಿನಿಯರಿಂಗನ್ನೂ ಓದಬಹುದಂತೆ, ಅದರೊಡನೆ ಇತಿಹಾಸವನ್ನೋ ಸಂಗೀತವನ್ನೋ ತತ್ತ್ವಶಾಸ್ತ್ರವನ್ನೋ ಓದಬಹುದಂತೆ! ಇದು ನಿಜವೆ, ಮತ್ತು ನಿಜವಾದರೆ ನಮ್ಮಂಥವರ ಮಕ್ಕಳಿಗೆ ಹಿತವೆ ಎಂದು ವಾಚಕರು ಹಲವರು ನಮ್ಮನ್ನು ಕೇಳಿರುವರು. ಈ ತಿಂಗಳು ಆ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಹೆಸರಿನ ಅರ್ಥವನ್ನು ತಿಳಿಯುವುದು ಲೇಸು. ಲಿಬರಲ್ ಆರ್ಟ್ಸ್ ಎಂದರೆ ಚಿತ್ರ ಬರೆಯುವ, ನಾಟಕವಾಡುವ ಕಲೆಗಳು ಮಾತ್ರವೆಂದು ಕೆಲವರು ಭಾವಿಸಿರುವರು. ಹಾಗಲ್ಲ. ಸಾಹಿತ್ಯ, ಇತಿಹಾಸ, ತರ್ಕ, ಅರ್ಥಶಾಸ್ತ್ರ, ಗಣಿತ, ಪ್ರಕೃತಿವಿಜ್ಞಾನ ಇವೆಲ್ಲವೂ ಆ ಹೆಸರಿನಲ್ಲಿ ಅಡಕವಾಗಿರುವುವು. ಇಂತಹುದೇ ಒಂದು ಕಸುಬಿಗಾಗಿ ಎಂದಲ್ಲದೆ, ಬುದ್ಧಿಯನ್ನು ಹದಗೊಳಿಸುವುದಕ್ಕಾಗಿ ಓದತಕ್ಕ ವಿದ್ಯೆಗಳಿವು. ಇಂಜಿನಿಯರಿಂಗ್ ಕಸುಬಿನ ವಿದ್ಯೆ. ಇವೆರಡನ್ನೂ ಒಂದೇ ಪದವಿಯಲ್ಲಿ ಬೆರೆಸುವ ಪ್ರಯತ್ನ ಅಮೆರಿಕದಲ್ಲಿ ಬಹುಕಾಲದಿಂದ ನಡೆದಿದೆ. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಎಂಬ ಸಣ್ಣ ಕಾಲೇಜಿನಲ್ಲಿ ಪದವಿಗೆ 32 ಪಾಠಕ್ರಮಗಳು ಬೇಕು. ಅವುಗಳಲ್ಲಿ 12 ಇಂಜಿನಿಯರಿಂಗಿನವು, 8 ಗಣಿತ ವಿಜ್ಞಾನಗಳವು. ಉಳಿದವನ್ನು ವಿದ್ಯಾರ್ಥಿ ಬೇರೆ ವಿಭಾಗಗಳಿಂದ ಆರಿಸಿಕೊಳ್ಳಬಹುದು. ಅಲ್ಲಿ ಸಿವಿಲ್, ಮೆಕ್ಯಾನಿಕಲ್ ಎಂಬ ಕವಲುಗಳಿಲ್ಲ. ಕೊಡುವುದು ಒಟ್ಟಾರೆ ಇಂಜಿನಿಯರಿಂಗಿನ ಪದವಿ. ಮಸಾಚುಸೆಟ್ಸಿನ ಸ್ಮಿತ್ ಕಾಲೇಜು ಕೇವಲ ಹೆಣ್ಣುಮಕ್ಕಳ ಸಂಸ್ಥೆ. ಅಲ್ಲಿಂದ ಇಂಜಿನಿಯರಿಂಗ್ ಪದವೀಧರೆಯರ ಮೊದಲ ತಂಡ ಹೊರಬಂದುದು 2004ರಲ್ಲಿ. ನಮ್ಮ ದೇಶದಲ್ಲಿಯೂ ದೆಹಲಿಯ ಸಮೀಪದ ಶಿವ ನಾಡಾರ್ ವಿಶ್ವವಿದ್ಯಾನಿಲಯ, ಅಹಮದಾಬಾದ್ ವಿಶ್ವವಿದ್ಯಾನಿಲಯ ಮುಂತಾದ ಖಾಸಗಿ ಸಂಸ್ಥೆಗಳು ಇಂಜಿನಿಯರಿಂಗ್ ವಿದ್ಯಾರ್ಥಿಗೆ ಇತರ ವಿಭಾಗಗಳ ಬಾಗಿಲನ್ನೂ ತೆರೆದಿವೆ.

ಇದನ್ನು ಓದಿ, ಇದೆಲ್ಲ ಹೊರಗಿನಿಂದ ಬಂದ ಹೊಸ ಸಂಪ್ರದಾಯವೆಂದು ವಾಚಕರು ಎಣಿಸಬಾರದು. ಕನ್ನಡ ನಾಡಿನ ಇಂಜಿನಿಯರುಗಳ ಪೈಕಿ ಎಲ್ಲರೂ ಮೊದಲು ಹೆಸರಿಸುವ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ತೇರ್ಗಡೆಯಾದುದು ಆ ಬಳಿಕ, 1883ರಲ್ಲಿ. ಅಂದರೆ ಮೊದಲು ಬಿ.ಎ., ಅನಂತರ ಕಸುಬು. ಮುಂದೆ ಅವರು ಮೈಸೂರಿನ ದಿವಾನರಾಗಿದ್ದಾಗ ಮೂರು ವರ್ಷಗಳೊಳಗೆ ಮೂರು ಸಂಸ್ಥೆಗಳು ಹುಟ್ಟಿದುವು: 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮ್ಮಲ್ಲಿ ರೂಢಿಯಲ್ಲಿಲ್ಲ. ಅಣೆಕಟ್ಟಿನ ಕಥೆಯನ್ನು ಹೇಳುವವರು ಪರಿಷತ್ತನ್ನು ಮರೆಯುವರು. ಪರಿಷತ್ತಿನ ಉತ್ಸವದಲ್ಲಿ ಭಾಷಣ ಮಾಡುವವರು ಇಂಜಿನಿಯರಿಂಗ್ ಕಾಲೇಜನ್ನು ಮರೆಯುವರು. ಆ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಗಿದ್ದಿತು. ಮಹಾರಾಜಾ ಕಾಲೇಜಿನಲ್ಲಿ ಸಾಹಿತ್ಯ ತತ್ತ್ವಶಾಸ್ತ್ರಗಳನ್ನು ಓದಿದವರಿಗೂ ಬೆಂಗಳೂರಿನಲ್ಲಿ ಸೇತುವೆ ಕಟ್ಟುವುದನ್ನು ಕಲಿತವರಿಗೂ ಪದವಿ ಕೊಡುವ ಕೈ ಒಂದೇ ಆಗಿದ್ದಿತು.

ನಮ್ಮ ಊರಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ತವನಪ್ಪನವರ ಮನೆತನದ ಉದಾರ ದಾನದ ಬೆಂಬಲದಿಂದ 1951ರಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಹತ್ತಿಯ ಗಿರಣಿಗಳ ಊರಿಗೆ, ಪಕ್ಕದ ಹರಿಹರದಲ್ಲಿ 1941ರಿಂದ ಲೇಥುಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ನೆರೆಗೆ, ಇಂತಹ ಕಾಲೇಜು ಒಪ್ಪುವಂತಹುದೇ ಆಗಿದ್ದಿತು. ಇದೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜು. 1956ರಿಂದ 1960ರವರೆಗೆ ಆ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ಕುವೆಂಪು. ಆ ವರ್ಷಗಳಲ್ಲಿ ನಮ್ಮ ಊರಿನ ಹುಡುಗರು ಇಂಜಿನಿಯರುಗಳಾದುದು ಕವಿಯೊಬ್ಬರು ಮುಖ್ಯಸ್ಥರಾಗಿದ್ದ ವಿಶ್ವವಿದ್ಯಾನಿಲಯದಿಂದ. ಅದೂ ಸಾಲದೆಂಬಂತೆ, ಮುಂದೆ ಇದೇ ಕಾಲೇಜು ಆ ಕವಿಯ ಹೆಸರನ್ನೇ ಹೊತ್ತ, 1987ರಲ್ಲಿ ಶಂಕರಘಟ್ಟದಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಘಟಕವಾಯಿತು.

ಈ ಒಕ್ಕಲು ಬೇರೆಯಾದುದು 1998ರಲ್ಲಿ. ಆ ವರ್ಷ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಸ್ಥಾಪಿತವಾಗಿ, ಮೈಸೂರು, ಬೆಂಗಳೂರು, ಧಾರವಾಡ ಮೊದಲಾದ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದ ಇಂಜಿನಿಯರಿಂಗ್ ಕಾಲೇಜುಗಳು ಅದರ ಆಶ್ರಯಕ್ಕೆ ಬಂದುವು. ಬೆಂಗಳೂರಿನ ಹಳೆಯ ಕಾಲೇಜೂ ನಮ್ಮ ಬಿ.ಡಿ.ಟಿ.ಯೂ ಇನ್ನು ಕೆಲವು ಕಾಲ ಹಳೆಯ ಮನೆಯಲ್ಲಿಯೇ ಉಳಿದುವು; 2011ರಲ್ಲಿ ಬಿ.ಡಿ.ಟಿ.ಯೂ ಬೆಳಗಾವಿಗೆ ಸೇರಿತು. ಈ ಬೇರ್ಪಡೆಯಿಂದ ಲಾಭವಾಗಲಿಲ್ಲವೆಂದು ನಾವು ಹೇಳಲಾರೆವು. ಊರಿಗೊಂದು ಬಗೆಯಾಗಿದ್ದ ಪಠ್ಯಕ್ರಮ ನಾಡಿಗೆಲ್ಲ ಒಂದೇ ಆಯಿತು. ಬೀದರಿನ ಹುಡುಗನೂ ಮಂಗಳೂರಿನ ಹುಡುಗಿಯೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರು. ಆದರೆ ಒಡನಾಟ ತಪ್ಪಿತು. 2022ರ ಪಠ್ಯಕ್ರಮದಂತೆ ಬಿ.ಇ. ಪದವಿಗೆ ಒಟ್ಟು 160 ಕ್ರೆಡಿಟ್ಟುಗಳು. ಅವುಗಳಲ್ಲಿ ಕನ್ನಡಕ್ಕೆ 1, ಭಾರತದ ಸಂವಿಧಾನಕ್ಕೆ 1. ಊಟದ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯಷ್ಟು! ಉಪ್ಪಿನಕಾಯಿಯನ್ನು ನಾವು ಹಳಿಯುವುದಿಲ್ಲ. ಅದನ್ನು ಪಲ್ಯವೆಂದು ಹೇಳಬಾರದೆನ್ನುವೆವು, ಅಷ್ಟೆ.

ಇಂಜಿನಿಯರಿಗೆ ಇತಿಹಾಸವೇಕೆ, ಅರ್ಥಶಾಸ್ತ್ರವೇಕೆ, ಯಂತ್ರ ಓಡಿದರೆ ಸಾಲದೆ ಎಂದು ಕೇಳುವ ಗೃಹಸ್ಥರು ಉಂಟು. ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ಬಹುದೂರ ಹೋಗಬೇಕಾದುದಿಲ್ಲ. ಹರಿಹರದ ಸೇತುವೆಯ ಮೇಲೆ ನಿಂತರೆ ಸಾಕು. ತುಂಗಭದ್ರೆಯ ಆಚೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಪ್ರಾರಂಭವಾಯಿತು. ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಪದಾರ್ಥವನ್ನು ಮಾಡುವ ಕಾರ್ಖಾನೆ ಅದು. ಎಷ್ಟೋ ಸಾವಿರ ಸಂಸಾರಗಳು ಅದರಿಂದ ಅನ್ನ ಕಂಡಿವೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ತಿರುಳಿಗೆ ನೀಲಗಿರಿ ಮರ ಬೇಕು. ಅದಕ್ಕಾಗಿ 1984ರಲ್ಲಿ ಸರ್ಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಕಟ್ಟಿದರು. ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಯುವುದು ಅದರ ಉದ್ದೇಶ.

ಒಂದು ಟನ್ನು ತಿರುಳಿಗೆ ಎಷ್ಟು ಮರ, ಎಷ್ಟು ನೀರು, ಎಷ್ಟು ಹಬೆ ಬೇಕೆಂಬ ಲೆಕ್ಕ ಇಂಜಿನಿಯರ ಬಳಿ ಸರಿಯಾಗಿಯೇ ಇದ್ದೀತು. ಆದರೆ ಆ ಭೂಮಿಯಲ್ಲಿ ಯಾರ ದನಗಳು ಮೇಯುತ್ತಿದ್ದುವು, ಯಾರ ಮನೆಯ ಒಲೆಗೆ ಅಲ್ಲಿಂದ ಪುಳ್ಳೆ ಬರುತ್ತಿತ್ತು, ಕಾಗದದಲ್ಲಿ ಬೀಳು ಎಂದು ಬರೆದ ನೆಲ ಊರಿನ ಬಾಳಿನಲ್ಲಿ ಏನಾಗಿತ್ತು ಎಂಬ ಲೆಕ್ಕ ಯಾವ ಯಂತ್ರಶಾಸ್ತ್ರದ ಪುಸ್ತಕದಲ್ಲಿಯೂ ಇರುವುದಿಲ್ಲ. ಅದು ಇತಿಹಾಸದ, ಅರ್ಥಶಾಸ್ತ್ರದ, ಕಾನೂನಿನ ಲೆಕ್ಕ. ಆ ಲೆಕ್ಕವನ್ನು ಕೇಳಿದವರು ಗ್ರಾಮಸ್ಥರು, ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಮತ್ತು ಕಾದಂಬರಿಕಾರರಾದ ಶಿವರಾಮ ಕಾರಂತರು. ಇವರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ತಮಗೆ ಬೇಕಾದ ಜಾತಿಯ ಸಸಿಗಳನ್ನು ನೆಟ್ಟು ಸತ್ಯಾಗ್ರಹ ಮಾಡಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ನದಿಯ ನೀರು ಕೆಡುತ್ತಿದೆಯೆಂದು ಕೆಳದಂಡೆಯ ಹಳ್ಳಿಗಳವರು ಎಬ್ಬಿಸಿದ ಕೂಗೂ ಅದೇ ದಶಕದ್ದು.

ಯೋಚನೆಯ ಮೇಜಿನ ಸುತ್ತ ಕುಳಿತವರಲ್ಲಿ ಈ ಪ್ರಶ್ನೆಗಳನ್ನು ಮೊದಲೇ ಕೇಳಬಲ್ಲ ಇಂಜಿನಿಯರೊಬ್ಬನಿದ್ದಿದ್ದರೆ ಫಲ ಬೇರೆಯಾಗುತ್ತಿತ್ತೆ? ಹೇಳುವುದು ಕಷ್ಟ. ಇತಿಹಾಸ ಓದಿದವರೆಲ್ಲರೂ ವಿವೇಕಿಗಳಾಗುವುದಿಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಆದರೆ ಕೇಳುವ ಅಭ್ಯಾಸವಿಲ್ಲದವನಿಗೆ ಪ್ರಶ್ನೆ ತೋಚುವುದೇ ಇಲ್ಲ. ತೋಚಿದರೂ ಮೇಲಿನವರ ಮುಂದೆ ಅದನ್ನು ಎತ್ತುವ ಭಾಷೆ ಅವನಿಗಿರುವುದಿಲ್ಲ. ಇದನ್ನು ಹಿರಿಯರು ಅರಿಯದವರಲ್ಲ. 1948-49ರಲ್ಲಿ ಡಾಕ್ಟರ್ ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಕಸುಬಿನ ವಿದ್ಯೆಯೊಡನೆ ಸಾಮಾನ್ಯ ಶಿಕ್ಷಣವೂ ಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಐ.ಐ.ಟಿ.ಗಳಂತಹ ಸಂಸ್ಥೆಗಳು ಕಲೆ ಮತ್ತು ಮಾನವಿಕ ವಿದ್ಯೆಗಳನ್ನು ಹೆಚ್ಚಾಗಿ ಒಳಗೊಳ್ಳಬೇಕೆಂದು ಮತ್ತೆ ಅದನ್ನೇ ಹೇಳಿತು. ಹೇಳುವುದರಲ್ಲಿ ನಮ್ಮ ದೇಶ ಎಂದೂ ಹಿಂದೆ ಬಿದ್ದುದಿಲ್ಲ.

ಇನ್ನು ಮನೆಯ ಮಾತಿಗೆ ಬರೋಣ. ನಮ್ಮ ಬೀದಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಗೃಹಸ್ಥರೊಬ್ಬರಿದ್ದಾರೆ. ಅವರ ಮಗಳು ಲೆಕ್ಕದಲ್ಲಿ ಚುರುಕು. ಆದರೆ ಅವಳ ಮನಸ್ಸು ಶಾಸನಗಳಲ್ಲಿ. ಶಾಲೆಯಲ್ಲಿದ್ದಾಗ ಉಪಾಧ್ಯಾಯಿನಿಯೊಬ್ಬರು ಮಕ್ಕಳನ್ನು ಹರಿಹರೇಶ್ವರನ ದೇವಸ್ಥಾನಕ್ಕೆ ಕರೆದೊಯ್ದು, 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಅದನ್ನು ಕಟ್ಟಿಸಿದ ಕಥೆಯನ್ನು ಹೇಳಿದ್ದರಂತೆ. ಅಂದಿನಿಂದ ಹುಡುಗಿಗೆ ಎರಡು ಪ್ರಶ್ನೆಗಳು: ಅಷ್ಟು ಭಾರದ ಕಲ್ಲಿನ ಚಾವಣಿಯನ್ನು ಕಂಬಗಳ ಮೇಲೆ ಹೇಗೆ ನಿಲ್ಲಿಸಿದರು, ಮತ್ತು ಅಂಗಳದ ಶಾಸನಗಳಲ್ಲಿ ಏನು ಬರೆದಿದ್ದಾರೆ? ಮೊದಲನೆಯದು ಸಿವಿಲ್ ಇಂಜಿನಿಯರಿಂಗು, ಎರಡನೆಯದು ಇತಿಹಾಸ. ಅವಳಿಗೆ ಇವು ಎರಡು ಪ್ರಶ್ನೆಗಳೆಂದು ತೋರಿಯೇ ಇಲ್ಲ. ಆ ದೇವಾಲಯವನ್ನು ಕಟ್ಟಿದ ಸ್ಥಪತಿಗೂ ಹಾಗೆ ತೋರಿರಲಾರದು. ಭಾರ ತೂಗುವುದನ್ನೂ, ಹರಿ ಹರ ಇಬ್ಬರ ಲಕ್ಷಣಗಳನ್ನು ಒಂದೇ ಮೂರ್ತಿಯಲ್ಲಿ ತರುವುದನ್ನೂ ಆ ಕಾಲದ ಶಿಲ್ಪಿಗಳು ತಿಳಿದಿರಲೇಬೇಕಾಗಿತ್ತು.

ಈ ಹುಡುಗಿಗೆ ಬಿ.ಡಿ.ಟಿ.ಯಲ್ಲಿ ಸಿವಿಲ್ ಶಾಖೆ ದೊರೆಯುವಷ್ಟು ಸ್ಥಾನ ಬಂದಿತು. ಅದೇ ಹೊತ್ತಿಗೆ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾನಿಲಯವೊಂದರ ಬಣ್ಣದ ಪುಸ್ತಿಕೆಯೂ ಮನೆಗೆ ಬಂದಿತು. ಇಂಜಿನಿಯರಿಂಗೂ ಉಂಟು, ಇತಿಹಾಸವೂ ಉಂಟು. ಶುಲ್ಕ ಮಾತ್ರ ನಿವೇಶನವೊಂದನ್ನು ಅಡವಿಟ್ಟ ಹೊರತು ಏಳುವಂತಹುದಲ್ಲ. “ಎರಡನ್ನೂ ಓದಬೇಕೆಂಬುದು ತಪ್ಪೇನು, ಅಪ್ಪಾಜಿ?” ಎಂದು ಹುಡುಗಿ ಕೇಳಿದಳು. ತಂದೆಗೆ ಉತ್ತರ ಹೊಳೆಯಲಿಲ್ಲ. ನಮ್ಮ ಬಳಿ ಬಂದರು. ಅವರೊಡನೆ ಬಂದಿದ್ದ ಆ ಮನೆಯ ಯಜಮಾನಿ ಆಡಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. “ನಿವೇಶನ ಅಡವಿಟ್ಟು ಓದಿಸಿದರೆ ಅವಳು ತನಗೆ ಬೇಕಾದುದನ್ನು ಓದುವಳೆ, ಅಣ್ಣಾ? ನಿವೇಶನ ಬಿಡಿಸುವ ಕೆಲಸ ಯಾವುದೋ ಅದನ್ನು ಹುಡುಕಿಕೊಂಡು ಹೋಗುವಳು.”

ಸಾಲದ ಮೇಲೆ ಕೊಂಡ ಉದಾರ ವಿದ್ಯೆ ಉದಾರವಾಗಿ ಉಳಿಯದೆಂಬುದನ್ನು ಈ ತಾಯಿ ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಇಂತಹ ವಿಶ್ವವಿದ್ಯಾನಿಲಯಗಳಲ್ಲಿ ಕೆಲವು ಬಡ ವಿದ್ಯಾರ್ಥಿಗಳಿಗೆ ವೇತನ ಕೊಡುವುದುಂಟು. ಅದನ್ನು ಬರಹದಲ್ಲಿ ಪಡೆದ ಮೇಲೆಯೇ ಮುಂದಡಿಯಿಡಬೇಕು. ಹಣದ ಮಾತಲ್ಲದೆ ಇನ್ನೂ ಕೆಲವನ್ನು ವಿಚಾರಿಸಿಕೊಳ್ಳುವುದು ಅಗತ್ಯ. ಕೊಡುವ ಪದವಿ ಬಿ.ಟೆಕ್. ಆಗಿದೆಯೋ ಬಿ.ಎಸ್ಸಿ. ಆಗಿದೆಯೋ ನೋಡಬೇಕು. ಲೋಕೋಪಯೋಗಿ, ನೀರಾವರಿ ಇಲಾಖೆಗಳ ಇಂಜಿನಿಯರ್ ಹುದ್ದೆಗೆ ಇಂತಹುದೇ ಶಾಖೆಯ ಪದವಿ ಬೇಕೆಂದು ಪ್ರಕಟಣೆಯಲ್ಲಿ ಕೇಳುತ್ತಾರೆ. ಒಟ್ಟಾರೆ ಇಂಜಿನಿಯರಿಂಗಿನ ಪದವಿ ಅಮೆರಿಕದಲ್ಲಿ ಮಾನ್ಯವಾದರೂ ಇಲ್ಲಿನ ಕಚೇರಿಯ ಗುಮಾಸ್ತೆಗೆ ಅರ್ಥವಾಗಲಿಕ್ಕಿಲ್ಲ. ಇತರ ವಿಷಯಗಳನ್ನು ಕಲಿಸುವವರು ಆಯಾ ವಿಭಾಗದ ಪೂರ್ಣಕಾಲದ ಅಧ್ಯಾಪಕರೋ, ವಾರಕ್ಕೊಮ್ಮೆ ಬಂದು ಹೋಗುವ ಅತಿಥಿಗಳೋ? ವೇಳಾಪಟ್ಟಿಯಲ್ಲಿ ಪ್ರಯೋಗಶಾಲೆಯೂ ಇತಿಹಾಸದ ತರಗತಿಯೂ ಒಂದೇ ಗಂಟೆಗೆ ಬಿದ್ದರೆ ಯಾವುದು ಬಿಟ್ಟುಹೋಗುವುದು? ಪುಸ್ತಿಕೆಯನ್ನು ಮುಚ್ಚಿಟ್ಟು, ಅಲ್ಲಿ ಮೂರನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿಯನ್ನು ಕಂಡು ಇದನ್ನು ಕೇಳಬೇಕು. ಮೊದಲ ವರ್ಷದವನಿಗೆ ಎಲ್ಲವೂ ಚೆನ್ನ.

ವಿಜ್ಞಾನದ ಕಡೆಗೆ ಒಲವುಳ್ಳ ಮಕ್ಕಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷಗಳ ಪದವಿಯೊಂದು ನಡೆದಿದೆ. ಅಲ್ಲಿ ಮಾನವಿಕ ವಿದ್ಯೆಗಳೂ ಪಠ್ಯದ ಭಾಗವಾಗಿವೆ. ಸ್ಥಾನಗಳು ಸ್ವಲ್ಪ, ಸ್ಪರ್ಧೆ ವಿಪರೀತ. ಹೆಚ್ಚು ಹೇಳುವ ಅಗತ್ಯವಿಲ್ಲ.

ನಮ್ಮ ಬೀದಿಯ ಹುಡುಗಿಗೆ ನಾವು ತೋರಿದ ದಾರಿ ಬೇರೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಒಂದು ನಿಯಮವನ್ನು ಹೊರಡಿಸಿತು. ಅದರಂತೆ ವಿದ್ಯಾರ್ಥಿಯು ಏಕಕಾಲದಲ್ಲಿ ಎರಡು ಪದವಿಗಳಿಗೆ ಓದಬಹುದು; ಒಂದು ಕಾಲೇಜಿಗೆ ಹೋಗಿ ಓದುವುದು, ಮತ್ತೊಂದು ದೂರಶಿಕ್ಷಣದ ಮೂಲಕ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಯನ್ನು ಕನ್ನಡದಲ್ಲಿಯೇ ಓದಲು ಅವಕಾಶವಿದೆ. ಎರಡೂ ಕಡೆಯ ನಿಯಮಗಳು ಒಪ್ಪುವುವೆ, ಪರೀಕ್ಷೆಯ ದಿನಗಳು ಡಿಕ್ಕಿ ಹೊಡೆಯುವುವೆ ಎಂಬುದನ್ನು ಸೇರುವ ಮೊದಲೇ ಕಚೇರಿಗಳಲ್ಲಿ ಕೇಳಿ ತಿಳಿಯಬೇಕು. ಹಗಲು ಹದಡಿ ರಸ್ತೆಯ ಕಾಲೇಜಿನಲ್ಲಿ ತೊಲೆಗಳ ಲೆಕ್ಕ, ರಾತ್ರಿ ಮನೆಯಲ್ಲಿ ಹೊಯ್ಸಳರ ಇತಿಹಾಸ. ಇದು ಸುಖದ ಮಾರ್ಗವೆಂದು ನಾವು ಹೇಳಲಿಲ್ಲ. ಒಬ್ಬಳೇ ಓದುವ ಇತಿಹಾಸಕ್ಕೂ, ಹತ್ತು ಮಂದಿಯೊಡನೆ ವಾದಿಸಿ ಓದುವ ಇತಿಹಾಸಕ್ಕೂ ಅಂತರವಿದೆ. ಒಳ್ಳೆಯ ಲಿಬರಲ್ ಆರ್ಟ್ಸ್ ಕಾಲೇಜು ಕೊಡುವುದು ಈ ವಾದವನ್ನೇ, ಅದು ಅಂಚೆಯಲ್ಲಿ ಬರುವುದಿಲ್ಲ. ಹುಡುಗಿ ಒಪ್ಪಿ ಮೊದಲ ವರ್ಷಕ್ಕೆ ಸಿವಿಲ್ ಶಾಖೆಗೆ ಸೇರಿದ್ದಾಳೆ, ಬಿ.ಎ. ಅರ್ಜಿಯನ್ನು ಎರಡನೆಯ ವರ್ಷಕ್ಕೆ ನೋಡೋಣವೆಂದು ತಂದೆ ಹೇಳಿದ್ದಾರೆ. ಆ “ನೋಡೋಣ” ಎಂಬ ಮಾತು ನಮಗೆ ಅಷ್ಟಾಗಿ ಹಿಡಿಸಲಿಲ್ಲ. ಅದನ್ನು ಅವರ ಎದುರಿನಲ್ಲಿಯೇ ಹೇಳಿದ್ದೇವೆ.

ಈ ಹುಡುಗಿ ಒಬ್ಬಳೇ ಕುಳಿತು ಓದಬೇಕಾದುದೇಕೆ ಎಂಬುದು ಈಗ ನಮ್ಮನ್ನು ಕಾಡುವ ಪ್ರಶ್ನೆ. ನಮ್ಮ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ: 1951ರ ಬಿ.ಡಿ.ಟಿ., 1979ರ ಬಾಪೂಜಿ. ಊರ ಹೊರಗಿನ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಕನ್ನಡವುಂಟು, ಅರ್ಥಶಾಸ್ತ್ರವುಂಟು. 1964ರಿಂದ ನಡೆದುಬಂದ ದೃಶ್ಯಕಲಾ ಕಾಲೇಜೂ ಅದರದೇ. ಒಂದು ಲಿಬರಲ್ ಆರ್ಟ್ಸ್ ವಿಶ್ವವಿದ್ಯಾನಿಲಯಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಈ ಊರಿನಲ್ಲಿಯೇ ಬಿದ್ದಿದೆ. ಆದರೆ ಇಂಜಿನಿಯರಿಂಗಿನ ವಿದ್ಯಾರ್ಥಿ ಬೆಳಗಾವಿಗೆ ಸೇರಿದವನು, ಚಿತ್ರಕಲೆಯ ವಿದ್ಯಾರ್ಥಿ ತೋಳಹುಣಸೆಗೆ ಸೇರಿದವನು. ಬೆಣ್ಣೆದೋಸೆಯ ಹೋಟೆಲಿನಲ್ಲಿ ಒಂದೇ ಮೇಜಿಗೆ ಕುಳಿತಾರೇ ಹೊರತು ಒಂದೇ ತರಗತಿಯಲ್ಲಿ ಕುಳಿತುಕೊಳ್ಳಲಾರರು. ಒಂದು ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ಟನ್ನು ಇನ್ನೊಂದರಲ್ಲಿ ಲೆಕ್ಕಕ್ಕೆ ಹಿಡಿಯಲು 2021ರಲ್ಲಿ ಕ್ರೆಡಿಟ್ ಬ್ಯಾಂಕ್ ಎಂಬ ಏರ್ಪಾಡನ್ನು ದೇಶಮಟ್ಟದಲ್ಲಿ ಮಾಡಿದ್ದಾರೆ. ಆದುದರಿಂದ ಎರಡು ವಿಶ್ವವಿದ್ಯಾನಿಲಯಗಳು ಒಡಂಬಟ್ಟರೆ, ಬಿ.ಡಿ.ಟಿ.ಯ ವಿದ್ಯಾರ್ಥಿನಿ ವಾರಕ್ಕೆ ಎರಡು ಮಧ್ಯಾಹ್ನ ಶಿವಗಂಗೋತ್ರಿಯ ತರಗತಿಯಲ್ಲಿ ಕುಳಿತು ಬರುವುದು ಅಸಾಧ್ಯವಾದ ಮಾತೇನೂ ಅಲ್ಲ. ಈ ಸೂಚನೆಯನ್ನು ಎರಡೂ ಕಡೆಯ ಕುಲಸಚಿವರಿಗೆ ಪತ್ರಮುಖೇನ ಬರೆಯಲು ಬಡಾವಣೆಯ ಕೆಲವು ಹಿರಿಯರು ಮುಂದೆ ಬಂದಿದ್ದಾರೆ. ಮಕ್ಕಳನ್ನು ಈ ಕಾಲೇಜುಗಳಿಗೆ ಕಳುಹಿಸುತ್ತಿರುವ ಗೃಹಸ್ಥರು ಆ ಪತ್ರಕ್ಕೆ ತಮ್ಮ ಹೆಸರನ್ನೂ ಸೇರಿಸಬಯಸಿದರೆ ಈ ಅಂಕಣದ ವಿಳಾಸಕ್ಕೆ ಬರೆದು ತಿಳಿಸಬಹುದು. ಹಾಸ್ಟೆಲುಗಳ ಊಟ ಮತ್ತು ಖರ್ಚಿನ ವಿಷಯವಾಗಿ ಬಂದಿರುವ ಪತ್ರಗಳನ್ನು ಮುಂದಿನ ತಿಂಗಳು ಎತ್ತಿಕೊಳ್ಳುವೆವು.